ಅಕ್ಕ ಎತ್ತದ ಹಾಡು

ದಮಾಮಿ ಎಂದರೆ ನಮ್ಮ ಸಿದ್ದಿಗಳ ಡೋಲು. ಅದರ ಜೊತೆಗಿನ ಹಾಡು, ಕುಣಿತಕ್ಕೂ ಅದೇ ಹೆಸರು. ನಮ್ಮ ಕೇರಿಯ ಮದುವೆಗಳಲ್ಲಿ ಡೋಲು ಮೊದಲು ನುಡಿಯುವಂತಿರಲಿಲ್ಲ. ಮದುಮಗಳ ಮನೆಯ ಹಿರಿಯ ಹೆಂಗಸು ಹಾಡಿನ ಮೊದಲ ಸಾಲು ಎತ್ತಬೇಕು, ಆಮೇಲೆ ಡೋಲಿನ ಮೇಲೆ ಕೈ ಬೀಳಬೇಕು. ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಆ ಹಕ್ಕು ಅಕ್ಕನಿಗೆ ಬಂತು.

ಪಕ್ಕದ ಹಳ್ಳಿ ಇಂದೂರಿನ ಗದ್ದೆಗಳಿಗೆ ಕೂಲಿಗೆ ಹೋದಾಗ ಅವಳ ದನಿ ರಸ್ತೆಯವರೆಗೂ ಕೇಳುತ್ತಿತ್ತು. "ನನ್ನ ಗಂಟಲ ಮುಂದ ನಿಮ್ಮ ರೇಡಿಯೋ ಏನು ಬಿಡ್ರಿ" ಎನ್ನುತ್ತಿದ್ದಳು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ನನಗೆ ತರಗತಿಯಲ್ಲಿ ಎದ್ದು ನಿಲ್ಲುವುದೇ ಕಷ್ಟವಾಗಿತ್ತು. ಮಾತಾಡಲೇಬೇಕಾದಾಗ ಅಕ್ಕ ಹೇಗೆ ಗದ್ದ ಮೇಲೆತ್ತುತ್ತಾಳೆ ಎಂದು ನೆನೆಸಿಕೊಳ್ಳುತ್ತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ಹಳಿಯಾಳದಲ್ಲಿ ಯಾವುದೋ ಸಮಾರಂಭಕ್ಕೆ ನಮ್ಮವರನ್ನು ಕುಣಿಯಲು ಕರೆದರು. ಅಕ್ಕ ತನ್ನ ಮದುವೆಯ ಸೀರೆ ಉಟ್ಟು ಬಂದಳು. ನೆನಪಿನಲ್ಲಿ ಅದರ ಬಣ್ಣ ಒಮ್ಮೆ ಹಸಿರು ಅನ್ನಿಸುತ್ತದೆ, ಒಮ್ಮೆ ನೇರಳೆ. ವೇದಿಕೆಯ ಹಿಂದೆ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವನೊಬ್ಬ ಸೊಪ್ಪಿನ ಹೊರೆ ತಂದು ಇಳಿಸಿದ. ಒಳ್ಳೆಯ ಮಾತಿನವನೇ.

"ಇದನ್ನ ನಡಕ್ಕ ಕಟ್ಟಿಕೊಳ್ರಿ ಅಕ್ಕಾರ. ಸೀರಿ ಕಾಣಬಾರದು. ಮುಖಕ್ಕ ಒಂದೀಟು ಮಸಿ ಹಚ್ಚಿಕೊಳ್ರಿ."

"ಇದ್ದ ಕರಿ ಸಾಲದೇನ್ರಿ ನಿಮಗ?" ಎಂದಳು ಅಕ್ಕ.

ನಮ್ಮ ಹೆಂಗಸರೆಲ್ಲ ನಕ್ಕರು. ಅವನೂ ನಕ್ಕ. "ಹಂಗಲ್ಲರಿ, ಸಾಹೇಬ್ರು ಕಾಡಿನ ಕುಣಿತ ನೋಡಾಕ ಬಂದಾರ."

"ಇದು ಮದುವಿ ಹಾಡು. ನಾವೇನು ಸೊಪ್ಪು ಉಟ್ಟು ಮದುವಿ ಆಗತೇವೇನು?"

ಡೋಲು ಬಾರಿಸಬೇಕಿದ್ದ ಸೋದರಮಾವ ಅವಳನ್ನು ಪಕ್ಕಕ್ಕೆ ಕರೆದ. ನಾವು ಉಳುತ್ತಿದ್ದುದು ಕಾಡಿನ ಜಾಗ, ಕಾಗದವಿಲ್ಲದ್ದು. "ಮುಂದ ಕುಂತವರ ಹಂತೇಕ ನಾಳೆ ನಾವ ಹೋಗಿ ಕೈ ಮುಗೀಬೇಕವ್ವಾ. ಒಂದ ತಾಸಿನ ಮಾತು, ಕಟ್ಕೋ."

ಅವಳು ಸೀರೆಯ ಮೇಲೆ ಸೊಪ್ಪು ಕಟ್ಟಿಕೊಂಡಳು. ಮಸಿ ತಾನೇ ಹಚ್ಚಿಕೊಂಡಳೋ, ಯಾರಾದರೂ ಹಚ್ಚಿದರೋ, ನನಗೆ ಈಗ ನೆನಪಿಲ್ಲ. ನಾನು ಆಗಲೇ ಜನರ ನಡುವೆ ಹೋಗಿ ಕುಳಿತಿದ್ದೆ ಅನ್ನಿಸುತ್ತದೆ. ನಗೆ ಮಾತ್ರ ನಿಜ. ಮಗಳನ್ನು ಕಳಿಸುವಾಗ ತಾಯಿ ಹೇಳುವ ಸಾಲುಗಳನ್ನು ಅಕ್ಕ ಹಾಡಿದಳು. ನಮ್ಮಲ್ಲಿ ಗಂಡಸರೂ ಅಳುವ ಜಾಗ ಅದು. ಅಲ್ಲೇ ಮುಂದೆ ಕುಳಿತವರು ನಕ್ಕರು, ಹಿಂದಿನವರು ಸಿಳ್ಳೆ ಹೊಡೆದರು. ಅವಳು ಹಾಡು ನಿಲ್ಲಿಸಲಿಲ್ಲ. ಕೊನೆಯವರೆಗೂ ಹಾಡಿದಳು.

ಮರಳುವಾಗ ಲಾರಿಯಲ್ಲಿ ಯಾರೂ ಮಾತಾಡಲಿಲ್ಲ ಎಂದು ಬಹಳ ಕಾಲ ನಂಬಿದ್ದೆ. ಮಾತಾಡಿದ್ದರಂತೆ, ಊಟ ಚೆನ್ನಾಗಿತ್ತು ಎಂದು.

ಮರುವರ್ಷ ನನ್ನ ಮದುವೆ. ಚಪ್ಪರದಲ್ಲಿ ಮಾವ ಡೋಲು ಕೊರಳಿಗೆ ಹಾಕಿಕೊಂಡು, ಚರ್ಮದ ಮೇಲೆ ಅಂಗೈ ಇಟ್ಟು ನಿಂತ. ಎಲ್ಲರೂ ಅಕ್ಕನತ್ತ ನೋಡಿದರು. ಅವಳು ಒಲೆಯ ಮುಂದೆ ಅನ್ನ ಬಸಿಯುತ್ತಿದ್ದಳು.

"ಎತ್ತವ್ವಾ" ಎಂದ ಮಾವ.

"ಮಂದಿ ಹಸದಾರ. ಮೊದಲು ಎಲಿ ಹಾಕ್ರಿ."

ನಾನು ಅರಿಶಿಣದ ಸೀರೆಯಲ್ಲೇ ಎದ್ದು ಅವಳ ಹತ್ತಿರ ಹೋದೆ. "ಅಕ್ಕಾ, ಇಲ್ಲಿ ಎಲ್ಲಾ ನಮ್ಮವರ ಅದಾರ. ಯಾರೂ ನಗೂದಿಲ್ಲ."

"ಗೊತ್ತೈತಿ ತಂಗಿ" ಎಂದಳು. ಸಿಟ್ಟಿರಲಿಲ್ಲ. "ಆದರ ಬಾಯಿ ತೆರದ್ರ ನನಗ ಅದ ಕೇಳಸ್ತೈತಿ."

ಅವಳಿರುವಾಗ ಬೇರೆಯವರು ಎತ್ತುವಂತಿರಲಿಲ್ಲ. ಮಾವ ಡೋಲು ಇಳಿಸಿ, ತಾನೇ ಎಲೆ ಹಾಕತೊಡಗಿದ. ನನ್ನನ್ನು ಹಾಡಿಲ್ಲದೆ ಕಳಿಸಿಕೊಟ್ಟರು. ಕೇರಿಯ ತುದಿಯವರೆಗೂ ಅಕ್ಕ ನನ್ನ ಕೈ ಹಿಡಿದು ಬಂದಳು.