ಕೊಬ್ಬರಿ ಕೋಣೆಗೆ ಪರದೆ ಆರಿಸಿದ್ದು

ಟಿವಿ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಕಡೂರಿನಲ್ಲಿ ಇನ್ನೂ ಹುಟ್ಟಿಲ್ಲ. ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದವನು ನಾನು. ಡಬ್ಬದಂಥ ಹಳೆಯ ಸೆಟ್ಟುಗಳಿಂದ ಹಿಡಿದು ಗೋಡೆಗೆ ನೇತುಹಾಕುವ ಹಲಗೆಯಂಥವುಗಳವರೆಗೆ ಎಲ್ಲವನ್ನೂ ಬಿಚ್ಚಿ ಜೋಡಿಸಿದ್ದೇನೆ. ಅಂಥವನು ಸ್ವಂತ ಮನೆಗೆ ಪರದೆ ಆರಿಸುವಾಗ ಎಡವಿದೆ ಎಂದರೆ ನೀವು ನಗಬಹುದು. ನಗಿ, ಬೇಜಾರಿಲ್ಲ.

ಜಗಲಿಯ ಪಕ್ಕದ ಕೊಬ್ಬರಿ ಕೋಣೆ ಖಾಲಿ ಬಿದ್ದಿತ್ತು. ಸಿಂಗಟಗೆರೆ ತೋಟದ ಕಾಯನ್ನು ಈಗ ತೋಟದಲ್ಲೇ ಮಾರಿಬಿಡುತ್ತೇವೆ, ಕೂಡಿಟ್ಟು ಕೊಬ್ಬರಿ ಮಾಡುವ ರಗಳೆಯಿಲ್ಲ. ದಪ್ಪ ಗೋಡೆ, ಒಂದೇ ಬಾಗಿಲು, ಕಿಟಕಿಯಿಲ್ಲ. ಅದನ್ನು ಸಿನಿಮಾ ನೋಡುವ ಕೋಣೆ ಮಾಡಲು ಹೊರಟದ್ದು ನನ್ನ ಶೋಕಿಗಲ್ಲ, ಹೆಂಡತಿಗಾಗಿ. ಅವಳ ಎರಡೂ ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿತ್ತು. ನೇರ ನೋಡಿದ್ದು ಮಾಯ, ಅಂಚಿನಲ್ಲಿದ್ದದ್ದು ಮಾತ್ರ ಕಾಣುತ್ತದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಬಳಸಿಕೊಳ್ಳಿ ಎಂದಿದ್ದರು ಡಾಕ್ಟರು. ಅವಳು ಧಾರಾವಾಹಿ ನೋಡುವುದನ್ನು ಬಿಟ್ಟು ಬರೀ ಕೇಳತೊಡಗಿದಳು. "ಕಿವಿಗೆ ಬೀಳುತ್ತಲ್ಲ, ಸಾಕು ಬಿಡ್ರೀ" ಅಂದಳು ಒಂದು ದಿನ. ನನಗೆ ಮೈಯೆಲ್ಲ ಉರಿದುಹೋಯಿತು. ಅಜ್ಜಂಪುರದಿಂದ ಮದುವೆಯಾಗಿ ಬಂದ ದಿನದಿಂದ ಯಾವುದಕ್ಕೂ ಸಾಕು ಅಂದವಳಲ್ಲ ಅವಳು.

ತರೀಕೆರೆಯಲ್ಲಿ ಟಿವಿ ಅಂಗಡಿ ಇಟ್ಟಿರುವ ಸಾಹೇಬರು ನನ್ನ ಹಳೆಯ ದೋಸ್ತು. ಅವರು ಮೂರು ಬಗೆ ತೋರಿಸಿದರು. ಒಂದು ಓಎಲ್‌ಇಡಿ. ಅದರಲ್ಲಿ ಕಪ್ಪು ಅಂದರೆ ಕಾಡಿಗೆ ಕಪ್ಪು, ಕೈ ಮುಗಿಯಬೇಕು ಅನ್ನಿಸುವಂಥ ಚಿತ್ರ. ಇನ್ನೊಂದು ಸಾದಾ ಎಲ್‌ಇಡಿ. ಪರದೆಯ ಹಿಂದೆ ದೀಪ ಉರಿಯುವಂಥದ್ದು, ಕಪ್ಪು ಅಷ್ಟಕ್ಕಷ್ಟೇ, ಬೆಳಕು ಮಾತ್ರ ಭರ್ಜರಿ. ಮೂರನೆಯದು ಪ್ರೊಜೆಕ್ಟರ್, ಗೋಡೆಯಗಲ ಚಿತ್ರ ಬಿಡುವಂಥದ್ದು.

"ಬೆಳಕು ಜಾಸ್ತಿ ಇರೋ ಎಲ್‌ಇಡಿ ತಗೊಳ್ರೀ, ಭಾಬಿಗೆ ಅದೇ ಒಳ್ಳೇದು" ಎಂದರು ಸಾಹೇಬರು.

"ನಂಗೇ ಟಿವಿ ಪಾಠ ಹೇಳ್ತೀರಾ ಭಾಯ್? ಕಾಣದೋರಿಗೆ ದೊಡ್ಡದಾಗಿ ತೋರಿಸ್ಬೇಕು, ಅಷ್ಟೇ. ಒಂದೊಂದು ಮುಖಾನೂ ಮೊರದಗಲ ಬರ್ಬೇಕು."

"ಒಂದ್ಸಲ ಅವರನ್ನೇ ಕರ್ಕೊಂಡ್ ಬನ್ನಿ, ನೋಡ್ಲಿ."

"ಅವಳಿಗೇನ್ ಗೊತ್ತಾಗುತ್ತೆ ಬಿಡಿ!" ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ನೋಡುವವಳು ಅವಳು, ಆರಿಸಿದವನು ನಾನು!

ಗೋಡೆಗೆ ಬಿಳಿ ಬಣ್ಣ ಹೊಡೆಸಿ ಪ್ರೊಜೆಕ್ಟರನ್ನು ನಾನೇ ಕೂರಿಸಿದೆ. ಸಂಜೆ ಅವಳು ದೇವರಿಗೆ ದೀಪ ಹಚ್ಚಿ ಬಂದ ಮೇಲೆ ಕುರ್ಚಿಯಲ್ಲಿ ಕೂರಿಸಿ ಬಾಗಿಲು ಮುಚ್ಚಲು ಹೋದೆ. ಎದ್ದು ಬಂದು ಅಡ್ಡ ನಿಂತಳು.

"ದೀಪ ಹಚ್ಚೋ ಹೊತ್ತಲ್ಲಿ ಬಾಗ್ಲು ಹಾಕ್ತಾರೇನ್ರೀ? ಲಕ್ಷ್ಮಿ ಬರೋ ಹೊತ್ತು!"

"ಮುಂಬಾಗ್ಲು ತೆಗ್ದೇ ಐತಲ್ಲೇ. ಇದು ಕೊಬ್ಬರಿ ಕೋಣೆ."

"ಇಷ್ಟು ವರ್ಷ ಲಕ್ಷ್ಮಿ ಇದ್ದಿದ್ದು ಮತ್ತೆಲ್ಲಿ?"

ಬಾಗಿಲು ತೆರೆದೇ ಇತ್ತು. ಗೋಡೆಯ ಮೇಲಿನ ಚಿತ್ರ ನೀರು ಮಜ್ಜಿಗೆ. ಲೈಟು ಬೇರೆ ಹಾಕಿಸಿದ್ದಳು. ಲಕ್ಷ್ಮಿ ಬಂದು ಹೋಗುವವರೆಗೆ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅರ್ಧ ಗಂಟೆ ಕಳೆದ ಮೇಲೆ ಲೈಟು ಆರಿಸಿ ಬಾಗಿಲು ಎಳೆದುಕೊಂಡೆ. ಆಹಾ, ಏನು ಚಿತ್ರ! "ಹೆಂಗೆ?" ಅಂದೆ ಜಂಬದಿಂದ.

ಅವಳ ಕೈ ನನ್ನ ಅಂಗಿಯ ತೋಳಿಗಾಗಿ ತಡಕಾಡುತ್ತಿತ್ತು.

"ಕತ್ಲಾದ್ರೆ ನಂಗೆ ಅಂಚೂ ಕಾಣ್ಸಲ್ಲ ಕಣ್ರೀ. ಗೋಡೆ ಮೇಲೆ ಏನೋ ಅಲ್ಲಾಡ್ತಾ ಐತೆ, ಅಷ್ಟೇ. ನೀವೂ ಕಾಣ್ತಿಲ್ಲ. ಬಾಗ್ಲು ತೆಗೀರಿ, ಭಯ ಆಗ್ತೈತೆ."

ಉಳಿದಿದ್ದ ಅಷ್ಟಿಷ್ಟು ಕಣ್ಣನ್ನೂ ಕಿತ್ತುಕೊಳ್ಳುವ ಕೋಣೆಯನ್ನು ನಾನೇ ಕೈಯಾರ ಮಾಡಿಟ್ಟಿದ್ದೆ. ಕತ್ತಲಲ್ಲೇ ಕಣ್ಣೊರೆಸಿಕೊಂಡು ಬಾಗಿಲು ತೆಗೆದೆ.

ಮರುದಿನ ಪ್ರೊಜೆಕ್ಟರಿನ ಜೊತೆ ಅವಳೂ ತರೀಕೆರೆಗೆ ಬಂದಳು. 'ನಾ ಹೇಳಿರ್ಲಿಲ್ವಾ' ಎಂಬ ಮಾತು ಸಾಹೇಬರ ಬಾಯಿಂದ ಬರಲಿಲ್ಲ, ದೊಡ್ಡ ಮನುಷ್ಯ. ಅವಳು ಒಂದೊಂದು ಟಿವಿಯ ಮುಂದೆಯೂ ಮುಖ ಓರೆ ಮಾಡಿ ನಿಂತಳು. ನಾನು ಕೈ ಮುಗಿಯಬೇಕೆಂದಿದ್ದ ಓಎಲ್‌ಇಡಿ ಮುಂದೆ, "ಇದು ಕನ್ನಡಿ ಥರ ಬೀದಿನೇ ತೋರಿಸ್ತೈತೆ" ಅಂದಳು. ಸಾದಾ ಎಲ್‌ಇಡಿ ಮುಂದೆ ಮುಖವನ್ನು ಇನ್ನಷ್ಟು ಓರೆ ಮಾಡಿದಳು. ಆಮೇಲೆ ಕೇಳಿದಳು: "ಆ ಹೆಂಗಸು ಉಟ್ಟಿರೋದು ಹಸಿರು ಸೀರೆ, ಕೆಂಪು ಅಂಚು, ಅಲ್ವೇನ್ರೀ?"

ಹೌದಾಗಿತ್ತು. ಸಾಹೇಬರು ನನ್ನ ಮುಖ ನೋಡಿದರು. "ಪ್ಯಾಕ್ ಮಾಡಿ ಭಾಯ್" ಅಂದೆ.

ಈಗ ಕೊಬ್ಬರಿ ಕೋಣೆಯ ಬಾಗಿಲೂ ತೆರೆದಿರುತ್ತದೆ, ಲೈಟೂ ಉರಿಯುತ್ತದೆ. ನಾನು ಟಿವಿಯ ಮಗ್ಗುಲಲ್ಲೇ ಅವಳತ್ತ ತಿರುಗಿ ಕೂರುತ್ತೇನೆ. ರಿಪೇರಿಯವರ ಅಭ್ಯಾಸವೇ ಅದು, ಚಿತ್ರ ಸರಿಯಿದೆಯೋ ಇಲ್ಲವೋ ಎಂದು ನೋಡುವವರ ಮುಖ ನೋಡಿ ತಿಳಿದುಕೊಳ್ಳುತ್ತೇವೆ. ನನ್ನ ಕಡೆ ನೋಡಿದರೆ ಟಿವಿ ಕಣ್ಣಂಚಿಗೆ ಸಿಗುತ್ತದೆಂದು ಅವಳೇ ಕಂಡುಕೊಂಡಳು. ಹಾಗಾಗಿ ಧಾರಾವಾಹಿ ಮುಗಿಯುವವರೆಗೂ ನಗುವುದು, ಬೈಯುವುದು, ಕಣ್ಣೀರು ಹಾಕುವುದು ಎಲ್ಲ ನನ್ನನ್ನೇ ದಿಟ್ಟಿಸಿಕೊಂಡು.

"ಏನಕ್ಕಾ, ಯಜಮಾನ್ರನ್ನ ಹಿಂಗ್ ನೋಡ್ತಾ ಕೂತಿದೀಯ, ಈ ವಯಸ್ನಾಗೆ!" ಎಂದು ಪಕ್ಕದ ಮನೆಯಾಕೆ ಕಿಚಾಯಿಸಿದಳು.

"ಅವರ್ನ ಯಾರ್ ನೋಡ್ತಾರೆ ಹೋಗೇ, ನಾನು ಟಿವಿ ನೋಡ್ತಿರೋದು" ಅಂದಳು ಇವಳು.

ಆದರೆ ನಡುನಡುವೆ ಮುಖವನ್ನು ನೇರ ಟಿವಿಯತ್ತ ತಿರುಗಿಸಿ ಒಂದಿಷ್ಟು ಹೊತ್ತು ಹಾಗೇ ಇರುತ್ತಾಳೆ. ಯಾಕೆಂದು ನನಗೆ ತಿಳಿದಿರಲಿಲ್ಲ. ಮೊನ್ನೆ ಹಾಗೆ ತಿರುಗಿಕೊಂಡೇ, "ಬಿಳಿ ಗಡ್ಡ ಬಿಟ್ಕೊಂಡು ಏನ್ ಅವತಾರ ರೀ ಇದು!" ಎಂದು ಗದರಿದಳು. ಈಗ ದಿನಾ ಕ್ಷೌರ ಮಾಡಿಕೊಂಡೇ ಟಿವಿ ಹಾಕುತ್ತೇನೆ.