ಬಿಳಿ ಬೂಟಿನ ಕೆಂಪು ಹೂವು

ಇವತ್ತು ಬೆಟಗೇರಿಯ ಓಣಿಯೊಂದರಲ್ಲಿ ನೂಲಿಗೆ ಹಾಕುವ ಗಂಜಿಯ ವಾಸನೆ ಬಂತು. ಅಜ್ಜಿ ನೆನಪಾದಳು.

ನಮ್ಮದೂ ಮಗ್ಗದ ಮನಿ. ಆಗ ಶಾಲೆಯ ಡ್ರಿಲ್ಲಿಗೆ ಬಿಳಿ ಬಟ್ಟೆಯ ಬೂಟು ಬೇಕಿತ್ತು. ನನ್ನ ಒಂದು ಬೂಟು ಹರಿದು ಹೆಬ್ಬೆರಳು ಹಣಕುತ್ತಿತ್ತು. ಅಜ್ಜಿ ಸೀರೆ ನೇಯ್ದು ಉಳಿದ ಕೆಂಪು ನೂಲು ತಗೊಂಡು, ಎಳೆಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿ, ತೂತು ಮುಚ್ಚುವಂತೆ ದಪ್ಪನೆಯ ಹೂವೊಂದನ್ನು ಹೊಲಿದಳು.

"ಬಿಳೀದ ಇರಬೇಕಂತ ಅಜ್ಜಿ, ಸರ್ ಬೈತಾರ," ಅಂತ ನಾನು ಅಳತೊಡಗಿದೆ.

"ಹೂವಿಗೆ ಯಾರ ಬೈತಾರವಾ? ಹೋಗ್ ಬಾ."

ಮರುದಿನ ಸಾಲಿನಲ್ಲಿ ಆ ಕಾಲನ್ನು ಇನ್ನೊಂದರ ಹಿಂದೆ ಅಡಗಿಸಿ ನಿಂತೆ. ಡ್ರಿಲ್ ಸರ್ ಬಂದು ಬಗ್ಗಿ ನೋಡಿದರು.

"ಯಾರ ಹಾಕಿದ್ದು?"

"ನಮ್ಮಜ್ಜಿರೀ."

"ಒಂದಕ್ಕಷ್ಟ ಯಾಕ ಹಾಕ್ಯಾರ? ಇನ್ನೊಂದಕ್ಕೂ ಹಾಕಿಸ್ಕೊಂಡು ಬಾ. ಜೋಡಿ ಆಗ್ಲಿ."

ಸಂಜೆ ಓಡಿ ಬಂದು ಹೇಳಿದೆ. ಅಜ್ಜಿ ನಕ್ಕೂ ನಕ್ಕೂ, ತೂತೇ ಇಲ್ಲದ ಬೂಟಿಗೂ ಹೂವು ಹಾಕಿದಳು. ಸರ್ ಮೆಚ್ಚಿದರಲ್ಲ ಅಂತ ಎರಡೂ ಹೂವಿನ ನಡುವೆ ಹಳದಿ ಚುಕ್ಕಿಯನ್ನೂ ಇಟ್ಟಳು.

ಇದನ್ನೆಲ್ಲ ನೆನೆದು ಇವತ್ತು ಆ ಓಣಿಯಲ್ಲಿ ಒಬ್ಬಳೇ ನಗುತ್ತ ನಿಂತುಬಿಟ್ಟಿದ್ದೆ. ಎದುರು ಮನೆಯ ಬಾಗಿಲಲ್ಲಿದ್ದ ಹೆಂಗಸೊಬ್ಬಳು ಕೂಗಿದಳು: "ಯಾಕ್ರೀ ಅಕ್ಕಾರ, ಬಿಸಲಾಗ ನಿಂತೀರಿ? ಒಳಗ ಬರ್ರಿ, ಚಾ ಕುಡೀರಿ."

ಹೋದೆ.