ಕೆಟ್ಟದಾಗಿ ತೆಗೀರಿ ಅಂಕಲ್!

“ಅಂಕಲ್, ಪ್ಲೀಸ್, ನನ್ನ ಫೋಟೋ ಕೆಟ್ಟದಾಗಿ ತೆಗೀರಿ.”

ಮೂರು ತಿಂಗಳಿಂದ ಫೋಟೋಗ್ರಫಿ ಕಲಿಯುತ್ತಿರುವ ನನಗೆ ಬಂದ ಮೊಟ್ಟಮೊದಲ ಆರ್ಡರ್ ಇದು. ನಾನು ಕೆಟ್ಟದಾಗಿ ಫೋಟೋ ತೆಗೆಯುತ್ತೇನೆ ಅನ್ನುವುದು ಬಸವೇಶ್ವರನಗರದ ನಮ್ಮ ಬೀದಿಗೆಲ್ಲ ಗೊತ್ತು. ಆದರೆ ಅದಕ್ಕೂ ಡಿಮ್ಯಾಂಡ್ ಇದೆ ಅಂತ ನನಗೇ ಗೊತ್ತಿರಲಿಲ್ಲ.

ಕೇಳಿದವಳು ನಮ್ಮ ಕೆಳಗಿನ ಮನೆಯ ಹುಡುಗಿ ಶಿಲ್ಪಾ. (ಹೆಸರು ಬದಲಿಸಿದ್ದೇನೆ. ಯಾಕೆ ಅಂತ ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ.)

ಮೊದಲು ನನ್ನ ಕ್ಯಾಮೆರಾದ ಕತೆ ಹೇಳಿಬಿಡುತ್ತೇನೆ. ಐವತ್ತೆರಡು ದಾಟಿದ ಮೇಲೆ ಡಾಕ್ಟರು ದಿನಾ ವಾಕಿಂಗ್ ಮಾಡಿ ಅಂದರು. ಬರಿಗೈಯಲ್ಲಿ ಸುಮ್ಮನೆ ನಡೆಯೋದು ಹೇಗೆ? ಕೊರಳಿಗೊಂದು ಕ್ಯಾಮೆರಾ ನೇತುಹಾಕಿಕೊಂಡರೆ ನಡಿಗೆಗೊಂದು ಗತ್ತು ಬರುತ್ತದೆ ಅನ್ನಿಸಿತು. ತಗೊಂಡೆ. ಅದರಲ್ಲಿ ಅಷ್ಟೊಂದು ಬಟನ್ ಯಾಕಿವೆ ಅಂತ ತಿಳಿಯಲು ರಾಜಾಜಿನಗರದ ಒಂದು ಸಂಡೇ ಕ್ಲಾಸಿಗೂ ಸೇರಿದೆ. ವಾಕಿಂಗ್ ಇನ್ನೂ ಶುರುವಾಗಿಲ್ಲ. ಕ್ಲಾಸಿಗೆ ಸ್ಕೂಟರಿನಲ್ಲಿ ಹೋಗುತ್ತೇನೆ.

ನಮ್ಮ ಮೇಷ್ಟ್ರ ಹೆಸರು ಚೇತನ್. ವಯಸ್ಸು ಇಪ್ಪತ್ತಾರು. ಕಲಿಸುತ್ತಾರಲ್ಲ ಅಂತ ನಾನು ಅವರಿಗೆ ಸಾರ್ ಅನ್ನುತ್ತೇನೆ. ವಯಸ್ಸಾಗಿದೆಯಲ್ಲ ಅಂತ ಅವರು ನನಗೆ ಸಾರ್ ಅನ್ನುತ್ತಾರೆ. ಬೆಳಿಗ್ಗೆ ಆರಕ್ಕೇ ನಮ್ಮನ್ನು ಮಲ್ಲತ್ತಹಳ್ಳಿ ಕೆರೆಗೆ ಕರೆದೊಯ್ಯುತ್ತಾರೆ. ಹನ್ನೊಂದು ಜನ ವಿದ್ಯಾರ್ಥಿಗಳು, ಒಂದು ಕೊಕ್ಕರೆ. ಪಾಪ, ಅದು ಈಗ ನಮ್ಮನ್ನು ಕಂಡ ಕೂಡಲೇ ಬೆನ್ನು ತಿರುಗಿಸಿ ನಿಲ್ಲುತ್ತದೆ.

ನನ್ನ ಕ್ಯಾಮೆರಾದ ಸ್ಕ್ರೀನ್ ನೋಡಿ ಚೇತನ್ ಕೇಳುವುದು ಒಂದೇ ಪ್ರಶ್ನೆ. “ಇದ್ರಲ್ಲಿ ಸಬ್ಜೆಕ್ಟ್ ಎಲ್ಲಿದೆ ಸಾರ್?” ನೀರಿರುತ್ತದೆ, ಆಕಾಶ ಇರುತ್ತದೆ, ಪಕ್ಕದಲ್ಲಿ ನಿಂತವರ ಮೊಣಕೈ ಇರುತ್ತದೆ. ಸಬ್ಜೆಕ್ಟ್ ಅಷ್ಟೊತ್ತಿಗೆ ಹಾರಿಹೋಗಿರುತ್ತದೆ.

ಮನುಷ್ಯರ ಫೋಟೋಗೆ ಅವರ ಪಾಠ ಬೇರೆ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ತೆಗೀಬೇಡಿ, ಕಣ್ಣು ಗುಳಿಬಿದ್ದ ಹಾಗೆ ಕಾಣುತ್ತೆ. ಮುಖದ ಹತ್ತಿರ ನುಗ್ಗಬೇಡಿ, ಮೂಗು ದಪ್ಪ ಬರುತ್ತೆ. ಕೆಳಗಿನಿಂದ ತೆಗೀಬೇಡಿ, ಗದ್ದ ಎರಡಾಗುತ್ತೆ. ‘ಸ್ಮೈಲ್’ ಅನ್ನಲೇಬೇಡಿ, ಎದುರಿಗಿರೋರು ಕ್ಯಾಮೆರಾನ ಮರೆಯೋವರೆಗೂ ಕಾಯಿರಿ. ಇದಿಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಫೋಟೋ ತೆಗೆಯುವಾಗ ಮಾತ್ರ ನೋಟ್‌ಬುಕ್ ಮನೆಯಲ್ಲಿರುತ್ತದೆ.

ಹೀಗಿರುವಾಗ ಒಂದು ದಿನ ಕೆಳಗಿನ ಮನೆಯ ಗಿರಿಜಕ್ಕ ಮೆಟ್ಟಿಲು ಹತ್ತಿ ಬಂದರು. ಶಿಲ್ಪಾಳ ತಾಯಿ. ದಾವಣಗೆರೆ ಕಡೆಯವರು, ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. (ನಾನು ಅವರನ್ನು ಅಕ್ಕ ಅನ್ನುತ್ತೇನೆ, ಅವರು ನನ್ನನ್ನು ಅಣ್ಣ ಅನ್ನುತ್ತಾರೆ. ಯಾರು ದೊಡ್ಡವರು ಅನ್ನುವ ಮಾತನ್ನು ಇಬ್ಬರೂ ಎತ್ತುವುದಿಲ್ಲ.)

“ಅಣ್ಣಾ, ನಿಮ್ ಹತ್ರ ದೊಡ್ಡ ಕ್ಯಾಮೆರಾ ಐತಲ್ಲ, ನಮ್ ಶಿಲ್ಪಂದು ಒಂದು ಫೋಟೋ ತೆಗೆದುಕೊಡ್ರಿ. ಬಳ್ಳಾರಿ ಕಡೆಯಿಂದ ಒಂದು ಸಂಬಂಧ ಬಂದೈತಿ. ಸ್ಟುಡಿಯೋದಾಗೆ ಮುಖಕ್ಕೆ ಸುಣ್ಣ ಹೊಡೆದಂಗೆ ಬೆಳ್ಳಗೆ ಮಾಡಿಬಿಡ್ತಾರೆ. ನೀವಾದ್ರೆ ನ್ಯಾಚುರಲ್ಲಾಗಿ ತೆಗೀತೀರಿ.”

ನ್ಯಾಚುರಲ್! ಮೂರು ತಿಂಗಳಲ್ಲಿ ನನ್ನನ್ನು ಯಾರೂ ಹೀಗೆ ನಂಬಿರಲಿಲ್ಲ. ಭಾನುವಾರ ಕ್ಲಾಸ್ ಮುಗಿಸಿ ಬಂದು ತೆಗೆದುಕೊಡುತ್ತೇನೆ ಅಂತ ಮಾತು ಕೊಟ್ಟೆ.

ಟೆರೇಸಿಗೆ ಬಂದ ಶಿಲ್ಪಾ ರೇಷ್ಮೆ ಸೀರೆ ಉಟ್ಟಿದ್ದಳು, ಮುಖ ಗಂಟಿಕ್ಕಿಕೊಂಡಿದ್ದಳು. ಆಗಲೇ ಅವಳು ಆ ಮಾತು ಹೇಳಿದ್ದು, ಕೆಟ್ಟದಾಗಿ ತೆಗೀರಿ ಅಂತ.

“ಯಾಕಮ್ಮಾ?”

“ಆ ಹುಡುಗನ ಮನೇಲಿ ಮದುವೆ ಆದ್ಮೇಲೆ ಹುಡುಗಿ ಕೆಲಸಕ್ಕೆ ಹೋಗೋ ಹಾಗಿಲ್ವಂತೆ ಅಂಕಲ್. ನಾನು ಕೆಂಗೇರಿ ಕಾಲೇಜಲ್ಲಿ ಲೆಕ್ಚರರ್ ಆಗಿ ಸೇರಿ ಇನ್ನೂ ನಾಲ್ಕು ತಿಂಗಳಾಗಿದೆ ಅಷ್ಟೆ. ಈಗಷ್ಟೇ ಸ್ಟೂಡೆಂಟ್ಸ್ ನನ್ನ ಮಾತು ಕೇಳೋಕೆ ಶುರು ಮಾಡಿದಾರೆ. ಅಮ್ಮಂಗೆ ಹೇಳಿದ್ರೆ, ನೋಡೋದಕ್ಕೇನು ಹೋಗುತ್ತೆ, ಆಮೇಲೆ ಮಾತಾಡೋಣ ಅಂತಾರೆ. ನನ್ನ ಫ್ರೆಂಡ್‌ಗೂ ಹಾಗೇ ಅಂದಿದ್ರು. ಆ ‘ಆಮೇಲೆ’ ಬರ್ಲೇ ಇಲ್ಲ. ಅವರಾಗೇ ಬೇಡ ಅಂದ್ಬಿಟ್ರೆ ಜಗಳಾನೇ ಇರಲ್ಲ.”

ನನಗೆ ಒಂಥರಾ ಆಯಿತು. ಇಷ್ಟಕ್ಕೂ ನನ್ನಿಂದ ಆಗುವ ಕೆಲಸವನ್ನೇ ತಾನೇ ಅವಳು ಕೇಳುತ್ತಿರುವುದು? ಆಯ್ತಮ್ಮಾ ಅಂದೆ.

ಚೇತನ್ ಹೇಳಿದ್ದನ್ನೆಲ್ಲ ನೆನಪು ಮಾಡಿಕೊಂಡೆ. ಬೇಡ ಅಂದಿದ್ದನ್ನೆಲ್ಲ ಸಾಲಾಗಿ ಮಾಡಿದೆ. ಹನ್ನೆರಡೂವರೆ ಬಿಸಿಲಲ್ಲಿ ನಿಲ್ಲಿಸಿದೆ. ಮೂಗಿಗೆ ಲೆನ್ಸ್ ತಾಗುವಷ್ಟು ಹತ್ತಿರ ಹೋದೆ. ‘ಸ್ಮೈಲ್, ಸ್ಮೈಲ್’ ಅಂತ ಪ್ರಾಣ ತೆಗೆದೆ. ಸ್ಕ್ರೀನ್ ನೋಡಿದರೆ ಆಹಾ, ಒಂದಕ್ಕಿಂತ ಒಂದು ಘೋರ. ಜೀವನದಲ್ಲಿ ಮೊದಲ ಸಲ ಅಂದುಕೊಂಡ ಹಾಗೆ ಫೋಟೋ ಬರುತ್ತಿತ್ತು.

ಕೊನೆಗೊಂದು ಕೆಳಗಿನಿಂದ ತೆಗೆದುಬಿಡೋಣ ಅಂತ ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡೇ ಹಿಂದೆ ಹಿಂದೆ ಸರಿದು ಕುಕ್ಕರುಗಾಲಲ್ಲಿ ಕೂತೆ. ಆಯ ತಪ್ಪಿತು. ದಡಕ್ಕನೆ ಕೆಳಗೆ ಕೂತುಬಿಟ್ಟೆ. ಮೆತ್ತಗಿತ್ತು, ಅಂಟಂಟಾಗಿತ್ತು.

“ಅಂಕಲ್, ಸಂಡಿಗೆ!”

ಗಿರಿಜಕ್ಕ ಬೆಳಿಗ್ಗೆ ತಾನೇ ಪ್ಲಾಸ್ಟಿಕ್ ಹಾಳೆಯ ಮೇಲೆ ಇಟ್ಟುಹೋಗಿದ್ದ ಅಕ್ಕಿ ಸಂಡಿಗೆಯ ಮೇಲೆ ನಾನು ವಿರಾಜಮಾನನಾಗಿದ್ದೆ. ಶಿಲ್ಪಾ ನಕ್ಕಳು. ಎಂಥ ನಗು ಅಂತೀರಿ! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅವಳು ನಗುತ್ತಿರುವಾಗಲೇ ಗಾಬರಿಯಲ್ಲಿ ನನ್ನ ಬೆರಳು ಬಟನ್ ಒತ್ತಿಬಿಟ್ಟಿತು.

ಮನೆಗೆ ಬಂದು ಪ್ಯಾಂಟ್ ನೆನೆಹಾಕಿ ಫೋಟೋ ನೋಡಿದೆ. ಅಯ್ಯೋ ದೇವರೇ, ಎಷ್ಟು ಚೆನ್ನಾಗಿತ್ತು! ಆ ಕೆಟ್ಟ ಬಿಸಿಲೇ ಅವಳ ಹಾರುವ ಕೂದಲಿನಲ್ಲಿ ಫಳಫಳ ಅನ್ನುತ್ತಿತ್ತು. ಹುಡುಗಿ ಕ್ಯಾಮೆರಾವನ್ನು ಪೂರ್ತಿ ಮರೆತಿದ್ದಳು.

ಶಿಲ್ಪಾಳಿಗೆ ಕೊಟ್ಟ ಮಾತಿಗೆ ತಪ್ಪಲಿಲ್ಲ, ಅಷ್ಟು ಮಟ್ಟಿಗೆ ನಾನು ಸತ್ಯವಂತ. ಗಿರಿಜಕ್ಕನಿಗೆ ಕಳಿಸಿದ್ದು ದಪ್ಪ ಮೂಗಿನದನ್ನೇ. ಅವರು ತುಂಬಾ ಹೊತ್ತು ನೋಡಿ, “ಕ್ಯಾಮೆರಾ ಸರಿ ಐತೇನಣ್ಣಾ?” ಅಂದರು. ಆದರೂ ಅದನ್ನೇ ಬಳ್ಳಾರಿಗೆ ಕಳಿಸಿದರು. ಬಳ್ಳಾರಿಯವರಿಂದ ವಾರವಾದರೂ ಸುದ್ದಿಯಿಲ್ಲ. ಶಿಲ್ಪಾ ಮೆಟ್ಟಿಲಲ್ಲಿ ಸಿಕ್ಕಾಗ ಹೆಬ್ಬೆರಳು ಎತ್ತಿ ತೋರಿಸಿದಳು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ಭಾನುವಾರ ಕ್ಲಾಸಿನಲ್ಲಿ ಆ ನಗುವ ಫೋಟೋವನ್ನು ಚೇತನ್‌ಗೆ ತೋರಿಸದೆ ಇರಲು ನನ್ನಿಂದ ಆಗಲಿಲ್ಲ. ಅವರು ಕ್ಯಾಮೆರಾ ಕಿತ್ತುಕೊಂಡು ಎಲ್ಲರನ್ನೂ ಕರೆದರು. “ನೋಡ್ರೋ, ಪೋರ್ಟ್ರೇಟ್ ಅಂದ್ರೆ ಇದು! ಸಾರ್, ಹೇಗೆ ತೆಗೆದ್ರಿ ಸಾರ್?” ಸಂಡಿಗೆ ವಿಷಯ ಹೇಳಲಿಲ್ಲ. “ಕಾದೆ,” ಅಂದೆ.

ಹೊಗಳಿಕೆ ಅನ್ನುವುದು ಐವತ್ತೆರಡರ ವಯಸ್ಸಿನಲ್ಲೂ ತಲೆಗೇರುತ್ತದೆ, ಏನು ಮಾಡಲಿ? ವಾಪಸ್ ಬರುವಾಗ ಸಿಗ್ನಲ್ಲಿನಲ್ಲಿ ನಿಂತು ಅದನ್ನು ನನ್ನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಕೆಳಗೆ ‘ನನ್ನ ಮೊದಲ ಪೋರ್ಟ್ರೇಟ್’ ಅಂತ ಬರೆದೆ, ಎರಡು ಹೂವೂ ಹಾಕಿದೆ. ಮನೆ ಮುಟ್ಟುವಷ್ಟರಲ್ಲಿ ಸುಮಾರು ಜನ ನೋಡಿಬಿಟ್ಟಿದ್ದರು. ಯಾರ್ಯಾರು ಅಂತ ಲಿಸ್ಟ್ ತೆಗೆದೆ. ಮೊದಲನೇ ಹೆಸರೇ ಗಿರಿಜಕ್ಕ.

ತಕ್ಷಣ ಡಿಲೀಟ್ ಮಾಡಿದೆ. ಮಾಡಿ ಏನು ಪ್ರಯೋಜನ? ಗಿರಿಜಕ್ಕ ಸ್ಕ್ರೀನ್‌ಶಾಟ್ ಹೊಡೆದು ಬಳ್ಳಾರಿಗೆ ಕಳಿಸಿ ಆಗಿತ್ತು. ಸಂಜೆಯೊಳಗೆ ಉತ್ತರವೂ ಬಂತು. ಹುಡುಗಿ ಲಕ್ಷಣವಾಗಿದ್ದಾಳೆ, ನಗುಮುಖ, ಮುಂದಿನ ವಾರವೇ ನೋಡಲು ಬರುತ್ತೇವೆ.

ಬಂದರು. ಫೋಟೋ ತೆಗೆದ ಮಹಾನುಭಾವ ಅಂತ ನನ್ನನ್ನೂ ಕರೆದು ಕೂರಿಸಿದ್ದರು. ಶಿಲ್ಪಾ ಅವತ್ತು ಒಂದು ಸಲವೂ ನಗಲಿಲ್ಲ. ಹುಡುಗನ ತಾಯಿ ಮೊಬೈಲಿನಲ್ಲಿದ್ದ ಫೋಟೋ ನೋಡುತ್ತಾರೆ, ಇವಳ ಮುಖ ನೋಡುತ್ತಾರೆ. ಕೇಸರಿಬಾತ್ ಮುಗಿಯುವ ಹೊತ್ತಿಗೆ ಶಿಲ್ಪಾ ಕೈಕಟ್ಟಿ ಕೂತಲ್ಲಿಂದಲೇ ಹೇಳಿದಳು. “ನಾನು ಕೆಲಸ ಬಿಡಲ್ಲ. ಅದಕ್ಕೆ ಒಪ್ಪಿಗೆ ಇದ್ರೆ ಮುಂದಿನ ಮಾತು.” ಬಂದವರು ಫೋನ್ ಮಾಡ್ತೀವಿ ಅಂತ ಎದ್ದರು. ಮಾಡಿದರು ಕೂಡ. ಹುಡುಗಿಗೆ ಬಾಯಿ ಜೋರು ಅಂದರಂತೆ. ಆಮೇಲೆ ಮೂರು ದಿನ ತಾಯಿ ಮಗಳು ಮಾತು ಬಿಟ್ಟಿದ್ದರು.

ನಾಲ್ಕನೇ ದಿನ ಬೆಳಿಗ್ಗೆ ಕಾಲೇಜಿಗೆ ಹೊರಟ ಶಿಲ್ಪಾ ಗೇಟಿನ ಹತ್ತಿರ ಸಿಕ್ಕಳು. ಕೈಯಲ್ಲಿ ಹೆಲ್ಮೆಟ್ಟಿತ್ತು. ನಾನೇ ಶುರು ಮಾಡಿದೆ. “ಸಾರಿ ಕಣಮ್ಮಾ, ಸ್ಟೇಟಸ್ ಹಾಕಬಾರದಾಗಿತ್ತು.”

“ಫೋಟೋ ಸೂಪರ್ ಆಗಿತ್ತು ಅಂಕಲ್,” ಅಂದಳು. “ನನಗೆ ತೋರ್ಸಿದ್ರೆ ನಾನೇ ಡಿಪಿಗೆ ಹಾಕ್ಕೋತಿದ್ದೆ.” ಹೆಲ್ಮೆಟ್ ಹಾಕಿಕೊಂಡು ಹೊರಟೇಹೋದಳು. ಬೈದಿದ್ದರೆ ವಾಸಿಯಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮೊನ್ನೆ ಗಿರಿಜಕ್ಕ ಮತ್ತೆ ಮೆಟ್ಟಿಲು ಹತ್ತಿ ಬಂದರು. ಸಿಟ್ಟಿರಬಹುದು ಅಂದುಕೊಂಡರೆ ಮುಖದಲ್ಲಿ ಹೊಸ ಉತ್ಸಾಹ.

“ಬಳ್ಳಾರಿಯೋರು ಹೋದ್ರೆ ಹೋಗ್ಲಿ ಬಿಡ್ರಿ. ಇನ್ನೂ ನಾಲ್ಕು ಕಡೆ ಮಾತು ನಡೆದೈತಿ. ಆ ಸ್ಕ್ರೀನ್‌ಶಾಟು ಮಸುಕಾಗೈತಿ ಅಣ್ಣಾ, ಆ ನಗೋ ಫೋಟೋದ ಒರಿಜಿನಲ್ಲು ಕಳಿಸ್ರಿ.”

“ಆ ನಾಲ್ಕು ಮನೆಯೋರು ಕೆಲಸಕ್ಕೆ ಕಳಿಸ್ತಾರಾ ಅಕ್ಕಾ?”

“ಅದನ್ನೆಲ್ಲ ಆಮೇಲೆ ಮಾತಾಡಿದ್ರಾತು.”

ಈ ಸಲ ನಾನು ಗಟ್ಟಿಯಾದೆ. ಕೊರಳಲ್ಲಿ ಕ್ಯಾಮೆರಾ ಇಲ್ಲದಿದ್ದರೂ ದನಿಗೆ ಸ್ವಲ್ಪ ಗತ್ತು ತಂದುಕೊಂಡೆ. “ಅವಳ ಫೋಟೋ ಅಲ್ವಾ ಗಿರಿಜಕ್ಕ? ಶಿಲ್ಪಾನ ಒಂದು ಮಾತು ಕೇಳ್ದೆ ನಾನು ಯಾರಿಗೂ ಕೊಡೋ ಹಾಗಿಲ್ಲ,” ಅಂದೆ.

ಗಿರಿಜಕ್ಕ ನನ್ನನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡಿದರು.

“ಹೌದಾ? ಸ್ಟೇಟಸ್ಸಿಗೆ ಹಾಕೋವಾಗ ಕೇಳಿದ್ರೇನಣ್ಣಾ?”